ಮನೆ ಹೊತ್ತ ಗಾಡಿ ದಾರಿಯಲ್ಲಿ ನಿಂತರೆ?

ಪ್ರಶ್ನೆ: ಅಣ್ಣಾ, ನಾವು ಬದಿಯಡ್ಕ ಕಡೆಯವರು. ಒಂದು ಸೆಕೆಂಡ್ ಹ್ಯಾಂಡ್ ಟ್ರಾವೆಲರ್ ವ್ಯಾನ್ ತೆಗೆದುಕೊಂಡು ಅದನ್ನು ಮೋಟಾರ್‌ಹೋಮ್ ಮಾಡಿಸಿದ್ದೇವೆ. ಮಂಚ, ಅಡುಗೆ ಕಟ್ಟೆ, ಫ್ರಿಜ್, ನೀರಿನ ಟ್ಯಾಂಕ್ ಎಲ್ಲ ಇದೆ. ದೀಪಾವಳಿ ರಜೆಗೆ ಪಾಣತ್ತೂರು, ಕರಿಕೆ ದಾರಿಯಲ್ಲಿ ಭಾಗಮಂಡಲಕ್ಕೆ ಹತ್ತಿ, ಮಡಿಕೇರಿ, ಮೈಸೂರು ನೋಡಿ, ಮುತ್ತಂಗ ಮೂಲಕ ವಯನಾಡಿಗೆ ಬಂದು ಊರಿಗೆ ಇಳಿಯುವ ಅಂದಾಜು. ನಮ್ಮಿಬ್ಬರ ಜೊತೆ ಇಬ್ಬರು ಮಕ್ಕಳು, ಅತ್ತೆ ಇರುತ್ತಾರೆ. ಅತ್ತೆಗೆ ಇನ್ಸುಲಿನ್ ಇದೆ. ದಾರಿಯಲ್ಲಿ ಗಾಡಿ ಕೈಕೊಟ್ಟರೆ ಬೇಕಾಗುವ ಸಾಮಾನು ಅಂತ ಪರಿಚಯದವರು ಒಂದು ಉದ್ದ ಪಟ್ಟಿ ಕೊಟ್ಟಿದ್ದಾರೆ, ಇದರ ಜೊತೆ ಕಳಿಸಿದ್ದೇನೆ. ಯಜಮಾನ್ರು ‘ಫೋನು ಇದ್ದರೆ ಸಾಕು, 112ಕ್ಕೆ ಮಾಡಿದರಾಯಿತು’ ಅನ್ನುತ್ತಾರೆ. ನಿಜವಾಗಿ ಏನು ಬೇಕು?

ಉತ್ತರ: ಪಟ್ಟಿ ನೋಡಿದೆ. ಗುದ್ದಲಿ, ಎರಡು ಜಾಕ್, 20 ಲೀಟರಿನ ಡೀಸೆಲ್ ಕ್ಯಾನ್, ಸಣ್ಣ ಜನರೇಟರ್, ಸರಪಳಿ ಎಲ್ಲ ಇದೆ. ಇದನ್ನೆಲ್ಲ ಹೇರಿಕೊಂಡು ಹೊರಟರೆ ಗಾಡಿ ಕೈಕೊಡುವುದು ಜಾಸ್ತಿಯೇ ಆಗುತ್ತದೆ. ಮೋಟಾರ್‌ಹೋಮ್ ದಾರಿಯಲ್ಲಿ ಮಲಗುವುದಕ್ಕೆ ಮೊದಲ ಕಾರಣ ತೂಕ. ಟಯರ್ ಒಡೆಯುವುದು, ಬ್ರೇಕ್ ಕಾಯುವುದು, ಏರಿನಲ್ಲಿ ಎಂಜಿನ್ ಬಿಸಿಯಾಗುವುದು, ಮೂರೂ ಅಲ್ಲಿಂದಲೇ ಶುರು. ಹಾಗಾಗಿ ಸಾಮಾನು ಸೇರಿಸುವ ಮೊದಲು ಗಾಡಿ ಈಗಲೇ ಎಷ್ಟು ಭಾರ ಇದೆ ಎಂದು ನೋಡಿ.

ಇದು ಕಷ್ಟದ ಕೆಲಸವಲ್ಲ. ನೀರಿನ ಟ್ಯಾಂಕ್ ತುಂಬಿಸಿ, ಡೀಸೆಲ್ ತುಂಬಿಸಿ, ಪಾತ್ರೆ, ಬಟ್ಟೆ, ಹಾಸಿಗೆ ಎಲ್ಲ ಇಟ್ಟು, ಐದೂ ಜನ ಕೂತು ಒಂದು ವೇ ಬ್ರಿಡ್ಜ್‌ಗೆ ಹೋಗಿ. ಕಲ್ಲುಕೋರೆಯ ಲಾರಿಗಳನ್ನು ತೂಗುವ ಕಡೆಯಾದರೂ ಸಾಕು. ಅಲ್ಲಿ ಬಂದ ಅಂಕಿಯನ್ನು ಗಾಡಿಯ ಪ್ಲೇಟಿನ ಮೇಲೆ ಕಂಪನಿ ಕೊಟ್ಟಿರುವ ಗ್ರಾಸ್ ವೆಹಿಕಲ್ ವೇಟ್ (ಜನ, ಸಾಮಾನು ಎಲ್ಲ ಸೇರಿ ಗಾಡಿಯ ತೂಕದ ಮಿತಿ) ಜೊತೆ ಹೋಲಿಸಿ. ಆಮೇಲೆ ಮುಂದಿನ ಚಕ್ರ ಮಾತ್ರ, ಹಿಂದಿನ ಚಕ್ರ ಮಾತ್ರ ಹತ್ತಿಸಿ ಬೇರೆ ಬೇರೆ ತೂಗಿಸಿ. ಮಂಚ, ಬ್ಯಾಟರಿ, ಟ್ಯಾಂಕ್ ಎಲ್ಲ ಹಿಂದೆ ಕೂತಿರುವ ಗಾಡಿಯಲ್ಲಿ ಒಟ್ಟು ತೂಕ ಸರಿ ಇದ್ದರೂ ಹಿಂದಿನ ಆಕ್ಸಲ್ ಮೇಲೆ ಮಿತಿ ಮೀರಿರಬಹುದು. 150 ಲೀಟರ್ ನೀರು ಎಂದರೆ 150 ಕಿಲೋ. ಒಂದು 150 ಎಎಚ್ ಟ್ಯೂಬುಲರ್ ಬ್ಯಾಟರಿ 50 ಕಿಲೋ ದಾಟುತ್ತದೆ. ಮಿತಿ ಮೀರಿದ್ದರೆ ಸುಲಭದ ದಾರಿ ನೀರು ಕಡಿಮೆ ಮಾಡುವುದು. ಘಟ್ಟ ಹತ್ತುವಾಗ ಟ್ಯಾಂಕ್ ಕಾಲು ಭಾಗ ಸಾಕು. ಮೇಲೆ ಹೋಗಿ ತುಂಬಿಸಿಕೊಳ್ಳಿ, ಕೊಡಗಿನಲ್ಲಿ ನೀರಿಗೇನು ಬರವೇ?

ಇನ್ನು ಟಯರ್. ಮನೆಯವರಿಗೆಂದು ಮಾಡಿಸಿದ ಮೋಟಾರ್‌ಹೋಮ್‌ಗಳು ಓಡುವುದಕ್ಕಿಂತ ಅಂಗಳದಲ್ಲಿ ನಿಲ್ಲುವುದೇ ಹೆಚ್ಚು. ಹಾಗಾಗಿ ಅವುಗಳ ಟಯರ್ ಸವೆಯುವ ಮೊದಲೇ ಮುದಿಯಾಗುತ್ತದೆ. ನೋಡಲು ಟಯರಿನ ಗುಂಡಿಗಳು (ಬಟನ್) ಚೆನ್ನಾಗಿಯೇ ಇರುತ್ತವೆ. ಬದಿಯಲ್ಲಿ ಡಾಟ್ (DOT) ಎಂದು ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಸೆಕೆಂಡ್ ಹ್ಯಾಂಡ್ ಗಾಡಿಯಾದ್ದರಿಂದ ನೀವು ಇದನ್ನು ನೋಡಲೇಬೇಕು, ಸ್ಟೆಪ್ನಿಯನ್ನೂ ಸೇರಿಸಿ. ಆರು ವರ್ಷ ದಾಟಿದ್ದರೆ ನಾನಾದರೆ ಈ ಪ್ರಯಾಣಕ್ಕೆ ಬದಲಾಯಿಸುತ್ತೇನೆ. ಬದಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ವರ್ಷ ಲೆಕ್ಕ ಹಾಕುತ್ತ ಕೂರಬೇಡಿ. ಹಿಂದೆ ಜೋಡಿ ಚಕ್ರ ಇರುವ ಗಾಡಿಯಾದರೆ ಒಳಗಿನದ್ದು ಪಂಕ್ಚರ್ ಆದದ್ದು ಹೊರಗೆ ಕಾಣುವುದಿಲ್ಲ. ಚಹಾ ಕುಡಿಯಲು ನಿಲ್ಲಿಸಿದಾಗ ಸ್ಪ್ಯಾನರಿನಿಂದ ಎರಡಕ್ಕೂ ತಟ್ಟಿ ಸದ್ದು ಕೇಳಿ. ಲಾರಿಯವರು ಸುಮ್ನೆ ತಟ್ಟುವುದಲ್ಲ ಅದು.

ಸ್ಟೆಪ್ನಿ ಇದೆ ಎಂದು ನೆಮ್ಮದಿಯಾಗಿರಬೇಡಿ. ಮನೆಯ ಅಂಗಳದಲ್ಲೇ ಒಮ್ಮೆ ಬಿಚ್ಚಿ ಹಾಕಿ ನೋಡಿ. ಗಾಡಿಯ ಕೆಳಗಿದ್ದ ಸ್ಟೆಪ್ನಿಯ ದಾರಿಗೇ ಕೊಳಕು ನೀರಿನ ಟ್ಯಾಂಕ್ ಕೂರಿಸಿರುವುದು ಮಾಮೂಲು. ಟ್ಯಾಂಕ್ ಬಿಚ್ಚದೆ ಸ್ಟೆಪ್ನಿ ಹೊರಗೆ ಬರುವುದಿಲ್ಲ! ಇನ್ನೊಂದು, ಟಯರ್ ಅಂಗಡಿಯಲ್ಲಿ ಗನ್ ಹಿಡಿದು ಬಿಗಿ ಮಾಡಿದ ನಟ್ಟು ಕೈಯ ಸ್ಪ್ಯಾನರಿಗೆ ಅಲುಗುವುದಿಲ್ಲ. ಸ್ಪ್ಯಾನರಿನ ಹಿಡಿಗೆ ಸರಿಯಾಗಿ ಕೂರುವ ಉದ್ದದ ಕಬ್ಬಿಣದ ಪೈಪ್ ಒಂದಿರಲಿ. ಜಾಕ್ ಒಂದು ಸಾಕು, ಆದರೆ ಅದು ಈಗಿನ ತೂಕಕ್ಕೆ ತಕ್ಕದ್ದಾಗಿರಬೇಕು. ಖಾಲಿ ಗಾಡಿಯ ಜೊತೆ ಬಂದ ಜಾಕ್ ಮೇಲೆ ಮನೆಯನ್ನು ಎತ್ತಬೇಡಿ. ಜಾಕ್ ಕೆಳಗೆ ಇಡಲು ಗಟ್ಟಿ ಮರದ ದಪ್ಪ ಹಲಗೆ ತುಂಡು ಬೇಕು. ನಮ್ಮ ಕಡೆ ರಸ್ತೆ ಬದಿ ಎಲ್ಲೆಲ್ಲೂ ಸಿಗುವುದು ಕೆಂಪುಕಲ್ಲು. ಅದನ್ನು ಜಾಕ್ ಕೆಳಗೆ ಯಾವತ್ತೂ ಇಡಬೇಡಿ. ಭಾರ ಬಿದ್ದಾಗ ಹೇಳದೆ ಕೇಳದೆ ಒಡೆಯುತ್ತದೆ, ಮಳೆಯಲ್ಲಿ ನೆನೆದದ್ದಾದರಂತೂ ಪುಡಿಯೇ. ಚಕ್ರಕ್ಕೆ ಅಡ್ಡ ಇಡುವುದಕ್ಕೂ ಇಳಿಜಾರಾಗಿ ಕತ್ತರಿಸಿದ ಮರದ ತುಂಡುಗಳನ್ನೇ ಇಟ್ಟುಕೊಳ್ಳಿ.

ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಕೊಳ್ಳುವುದಾದರೆ ಅದು ನಿಮ್ಮ ಟಯರಿಗೆ ಬೇಕಾದ ಒತ್ತಡದವರೆಗೆ ಹೋಗುತ್ತದೆಯೇ ಕೇಳಿ. ಕಾರಿಗೆ ಸಾಕಾಗುವುದು ಈ ಗಾಡಿಗೆ ಸಾಲದು.

ಬ್ರೇಕ್ ವಿಷಯ ನಿಧಾನವಾಗಿ ಓದಿ, ಯಜಮಾನ್ರಿಗೂ ಓದಿ ಹೇಳಿ. ಪಾಣತ್ತೂರಿನ ಇಳಿಜಾರು ಎಂಥದ್ದು ಎಂದು ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 2021ರ ಜನವರಿಯಲ್ಲಿ ಮದುವೆಗೆ ಹೊರಟಿದ್ದ ಬಸ್ಸು ಅಲ್ಲಿ ಮನೆಯ ಮೇಲೆ ಉರುಳಿ ಏಳು ಜನ ತೀರಿಕೊಂಡರು. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯಬೇಕಾದ್ದು ಗೇರು, ಬ್ರೇಕ್ ಅಲ್ಲ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್. ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು. ನ್ಯೂಟ್ರಲ್ ಮಾಡುವುದು, ಡೀಸೆಲ್ ಉಳಿಯುತ್ತದೆಂದು ಎಂಜಿನ್ ಆಫ್ ಮಾಡುವುದು ಎರಡೂ ಹುಚ್ಚುತನ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಸಹಾಯ ಹೋಗುತ್ತದೆ, ಸ್ಟಿಯರಿಂಗ್ ಗಟ್ಟಿಯಾಗುತ್ತದೆ.

ಬ್ರೇಕ್ ಕಾದರೆ ಮೊದಲು ವಾಸನೆ ಬರುತ್ತದೆ. ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ವಾಸನೆ ಬಂದ ಕೂಡಲೇ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ. ಚಕ್ರಕ್ಕೆ ಮರದ ತುಂಡು ಕೊಡಿ, ಗೇರಿನಲ್ಲಿ ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆ ತನ್ನಷ್ಟಕ್ಕೆ ತಣಿಯಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಕರಾವಳಿಯ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಗಾಡಿಯ ಹಿಂದಿನ ಮಾಲೀಕ ಯಾವಾಗ ಬದಲಾಯಿಸಿದ್ದನೋ ಯಾರಿಗೆ ಗೊತ್ತು, ನೀವು ಈಗಲೇ ಮಾಡಿಸಿ.

ನನ್ನನ್ನು ಕೇಳಿದರೆ ಕರಿಕೆ ದಾರಿಯನ್ನೇ ಬಿಡಿ. ಚೆಂದ ಹೌದು. ಆದರೆ ಅಗಲ ಕಡಿಮೆ, ಕಾಡು, ನಡುವೆ ವರ್ಕ್‌ಶಾಪ್ ಇಲ್ಲ, ನೆಟ್‌ವರ್ಕ್ ನಂಬುವಂತಿಲ್ಲ. ಬದಿಯಡ್ಕದಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ ನಿಮಗೆ ಒಳ್ಳೆಯ ದಾರಿ. ಸುಳ್ಯದಲ್ಲಿ ವರ್ಕ್‌ಶಾಪ್‌ಗಳಿವೆ, ಟಯರ್ ಅಂಗಡಿಗಳಿವೆ, ಏನಾದರೂ ಸದ್ದು ಕೇಳಿಸಿದರೆ ಘಟ್ಟ ಹತ್ತುವ ಮೊದಲೇ ತೋರಿಸಬಹುದು. ದೀಪಾವಳಿ ಹೊತ್ತಿಗೆ ತುಲಾ ತಿಂಗಳ ಮಳೆ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬೆಳಗ್ಗೆಯೇ ಘಟ್ಟ ದಾಟಿಬಿಡಿ. ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಆನ್ ಮಾಡಿ, ಜಾಗ ಸಿಕ್ಕಾಗ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ.

ಎಲ್ಲಿ ನಿಲ್ಲಿಸುವುದು ಎನ್ನುವುದು ಏನು ತೆಗೆದುಕೊಂಡು ಹೋಗುವುದು ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಎಂಜಿನ್ ಸದ್ದು ಬದಲಾದರೆ, ಪಂಕ್ಚರ್ ಆದರೆ, ಕೂಡಲೇ ಅಲ್ಲೇ ನಿಲ್ಲಿಸಬೇಕೆಂದು ಅನಿಸುತ್ತದೆ. ಗಾಡಿ ಉರುಳುವಷ್ಟಾದರೂ ಇದ್ದರೆ ನಿಧಾನಕ್ಕೆ ಮುಂದೆ ಹೋಗಿ, ತಿರುವು ದಾಟಿ, ನೇರ ರಸ್ತೆಯಲ್ಲಿ ನಿಲ್ಲಿಸಿ. ಟಯರ್ ಹಾಳಾದರೆ ಹಾಳಾಗಲಿ, ಹೊಸದು ಸಿಗುತ್ತದೆ. ಗುಡ್ಡ ಕಡಿದು ರಸ್ತೆ ಮಾಡಿದ ಜಾಗದ ಬುಡದಲ್ಲಿ ಮಳೆಗಾಲದಲ್ಲಿ ನಿಲ್ಲಿಸಲೇಬಾರದು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ವಾ? ಹೆದ್ದಾರಿ ಬದಿ ಚಹಾದಂಗಡಿ ಇತ್ತು, ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ನಮ್ಮ 66ನೇ ಹೆದ್ದಾರಿಯಲ್ಲೂ ಅಗಲ ಮಾಡಲು ಕಡಿದ ಗುಡ್ಡಗಳು ಬೇಕಾದಷ್ಟಿವೆ.

ಡಾಂಬರು ಬಿಟ್ಟು ಕೆಂಪುಮಣ್ಣಿಗೆ ಇಳಿಸುವಾಗ ಒಬ್ಬರು ಇಳಿದು ಕಾಲಲ್ಲಿ ಒತ್ತಿ ನೋಡಿ. ನೆನೆದ ಮಣ್ಣಿನಲ್ಲಿ ಎರಡು ಚಕ್ರ ಹೂತರೆ ಎತ್ತರದ ಗಾಡಿ ಒಂದು ಬದಿಗೆ ವಾಲಿಬಿಡುತ್ತದೆ. ತೆಂಗಿನ ಮರದ ಕೆಳಗೂ ಬೇಡ. ಮೇಲಿನಿಂದ ಕಾಯಿ ಬಿದ್ದರೆ ಸೋಲಾರ್ ಪ್ಯಾನೆಲ್ ಕಥೆ ಮುಗಿಯಿತು.

ನಿಲ್ಲಿಸಿದ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ರಸ್ತೆಯಿಲ್ಲದ ಬದಿಯಿಂದ ಇಳಿಯಲಿ. ಮಕ್ಕಳು, ಅತ್ತೆ ಗಾಡಿಯಿಂದ ದೂರ, ಗಾಡಿ ನಿಂತ ಬದಿಯಲ್ಲೇ ರಸ್ತೆಯಂಚಿನ ತಡೆಗೋಡೆಯ ಹಿಂದೆ ಅಥವಾ ಯಾರದ್ದಾದರೂ ಅಂಗಳದಲ್ಲಿ ಕೂರಲಿ. ಮಳೆ ಎಂದು ಒಳಗೇ ಕೂರಿಸುವುದು ತಪ್ಪು. ಹಿಂದಿನಿಂದ ಲಾರಿ ಗುದ್ದಿದರೆ ಮಂಚದ ಪ್ಲೈವುಡ್ ಯಾರನ್ನೂ ಕಾಯುವುದಿಲ್ಲ. ಹೊಳೆಯುವ ತ್ರಿಕೋನವನ್ನು ಪೇಟೆ ರಸ್ತೆಯಲ್ಲಿ ಐವತ್ತು ಹೆಜ್ಜೆ, ಹೆದ್ದಾರಿಯಲ್ಲಿ ನೂರು ಹೆಜ್ಜೆಗೂ ಹಿಂದೆ ಇಡಿ. ಹಿಂದೆ ತಿರುವು ಇದ್ದರೆ ತಿರುವಿನ ಆಚೆಗೇ ಇಡಬೇಕು. ಇಡಲು ಹೋಗುವವರು ಹೊಳೆಯುವ ಜಾಕೆಟ್ ಹಾಕಿಕೊಂಡು, ಬರುವ ಗಾಡಿಗಳಿಗೆ ಮುಖ ಮಾಡಿ ನಡೆಯಲಿ. ನಮ್ಮಲ್ಲಿ ಸೊಪ್ಪಿನ ಗೆಲ್ಲು, ಕಲ್ಲು ಇಡುವ ರೂಢಿ ಇದೆ. ಗೆಲ್ಲು ಪರವಾಗಿಲ್ಲ. ಕಲ್ಲು ಇಡಬೇಡಿ. ಗಾಡಿ ಸರಿಯಾದ ಖುಷಿಯಲ್ಲಿ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನವನು ಬೀಳುತ್ತಾನೆ. ಇದರ ಬಗ್ಗೆ ನನಗೆ ಬಹಳ ಸಿಟ್ಟಿದೆ.

66ನೇ ಹೆದ್ದಾರಿಯ ಹೊಸ ಆರು ಲೇನಿನ ಭಾಗದಲ್ಲಿ ಹೊರಬರುವ ದಾರಿಗಳು ದೂರ ದೂರ. ಗಾಡಿಯಲ್ಲಿ ಏನೋ ಸರಿಯಿಲ್ಲ ಅನಿಸಿದಾಗಲೇ ಸರ್ವಿಸ್ ರೋಡಿಗೆ ಇಳಿದುಬಿಡಿ.

ಈಗ ಫೋನು. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ಆಂಬ್ಯುಲೆನ್ಸಿಗೆ 108, ಅದು ಕೇರಳಕ್ಕೂ ಕರ್ನಾಟಕಕ್ಕೂ ಒಂದೇ. ಬೇರೆ ಎಲ್ಲ ತುರ್ತಿಗೂ 112. ಗ್ಯಾಸ್ ಸೋರಿದರೆ 1906. ಗಡಿಯವರಾದ ನಮಗೆ ಒಂದು ತೊಡಕಿದೆ. ಜಾಲ್ಸೂರು, ಅಡ್ಕಸ್ಥಳ, ಪಾಣತ್ತೂರು ಕಡೆ ಫೋನು ಆಚೆ ರಾಜ್ಯದ ಟವರ್ ಹಿಡಿದಿರುತ್ತದೆ, ಕರೆ ಅಲ್ಲಿಗೆ ಹೋಗಬಹುದು. ಹಾಗಾಗಿ ಮೊದಲ ಮಾತಿನಲ್ಲೇ ರಾಜ್ಯ, ಜಿಲ್ಲೆ, ಹತ್ತಿರದ ಊರು ಹೇಳಿ. ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಇಬ್ಬರ ಫೋನಿನಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಕಾಡಿನ ಭಾಗಕ್ಕೆ ಹೊಕ್ಕುವ ಮೊದಲು ಊರಿನಲ್ಲಿ ಯಾರಿಗಾದರೂ ‘ಇಷ್ಟು ಗಂಟೆಗೆ ಆಚೆ ತಲುಪುತ್ತೇವೆ, ತಲುಪಿ ಫೋನು ಮಾಡುತ್ತೇವೆ’ ಎಂದು ಹೇಳಿ ಹೋಗಿ. ನೆಟ್‌ವರ್ಕ್ ಇಲ್ಲದ ಕಡೆ ನಿಮ್ಮನ್ನು ಹುಡುಕಿಸುವವರು ಅವರೇ.

ಇನ್ಶೂರೆನ್ಸಿನಲ್ಲಿ ದಾರಿಬದಿಯ ಸಹಾಯ ಸೇರಿದೆ ಎಂದುಕೊಂಡಿದ್ದರೆ ಅದು ನಿಮ್ಮ ಗಾಡಿಯ ತೂಕಕ್ಕೆ, ಎತ್ತರಕ್ಕೆ ಅನ್ವಯಿಸುತ್ತದೆಯೇ ಎಂದು ಈಗಲೇ ಕೇಳಿ. ಇನ್ನೂ ಮುಖ್ಯ, ಮಾರ್ಪಾಡನ್ನು ಆರ್‌ಸಿಯಲ್ಲಿ ಬರೆಸಿದ್ದೀರಾ? ಇಲ್ಲದಿದ್ದರೆ ಅಪಘಾತದ ಹೊತ್ತಿನಲ್ಲಿ ಕ್ಲೇಮ್ ತಿರಸ್ಕರಿಸಲು ಅದೇ ಕಾರಣ ಸಾಕು. ಕೆಟ್ಟ ಗಾಡಿ ಒಯ್ಯುವ ರಿಕವರಿಯವರನ್ನು ಕರೆಸುವಾಗ ‘ಟ್ರಾವೆಲರ್’ ಎಂದಷ್ಟೇ ಹೇಳಿದರೆ ತಪ್ಪು ಗಾಡಿ ಬರುತ್ತದೆ. ತೂಕ, ಉದ್ದ, ಎತ್ತರ ಮೂರನ್ನೂ ಹೇಳಬೇಕು. ನಿಮ್ಮದು ಮೂರು ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಗಾಡಿಯನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯ ಮೇಲೆ ಕೂತರೆ ನಾಲ್ಕರ ಹತ್ತಿರ. ಕರೆಂಟ್ ವಯರ್, ರೈಲ್ವೆ ಅಂಡರ್‌ಪಾಸ್ ಎಲ್ಲ ಅಡ್ಡ ಬರುತ್ತವೆ. ಈ ಮೂರು ಅಂಕಿಗಳನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಡಿ. ಎತ್ತರ ಅಳೆಯುವಾಗ ಎಸಿ, ಸೋಲಾರ್ ಎಲ್ಲ ಸೇರಿಸಿ ಅಳೆಯಿರಿ.

ಇಷ್ಟರವರೆಗೆ ಹೇಳಿದ್ದು ಗಾಡಿ. ಅದರೊಳಗಿನ ಮನೆಯ ಅಪಾಯ ಬೇರೆ, ಅದರ ಬಗ್ಗೆ ಜನ ಯೋಚಿಸುವುದೇ ಇಲ್ಲ. 2024ರ ಡಿಸೆಂಬರಿನಲ್ಲಿ ವಡಕರ ಹತ್ತಿರ ಇದೇ 66ನೇ ಹೆದ್ದಾರಿ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಡಿಕ್ಕಿಯಿಲ್ಲ, ಬೆಂಕಿಯಿಲ್ಲ. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಎದ್ದಿದ್ದವರಿಗೆ ತಲೆನೋವು, ವಾಕರಿಕೆ ಬರುತ್ತದೆ, ಘಟ್ಟದ ತಿರುವಿಗೆ ಹೀಗಾಯಿತು ಎಂದುಕೊಳ್ಳುತ್ತಾರೆ.

ಹಾಗಾಗಿ ಪಟ್ಟಿಯಲ್ಲಿರುವ ಜನರೇಟರ್ ಬೇಡವೇ ಬೇಡ. ರಾತ್ರಿ ಗಾಡಿ ಸ್ಟಾರ್ಟ್ ಇಟ್ಟು ಎಸಿಯಲ್ಲಿ ಮಲಗುವುದೂ ಬೇಡ. ಚಳಿಯೆಂದು ಒಲೆ ಹಚ್ಚಿಟ್ಟು ಕಿಟಕಿ ಮುಚ್ಚುವುದೂ ಬೇಡ. ಮಡಿಕೇರಿಯಲ್ಲಿ ಇನ್ನೊಂದು ಕಂಬಳಿ ಹೊದ್ದರಾಯಿತು. ಮಲಗುವ ಜಾಗದಲ್ಲಿ ತಲೆಯ ಎತ್ತರಕ್ಕೆ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ, ನೆಲದ ಹತ್ತಿರ ಒಂದು ಗ್ಯಾಸ್ ಅಲಾರಂ ಹಾಕಿಸಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಅದಕ್ಕೇ ಈ ವ್ಯತ್ಯಾಸ. ಪಟ್ಟಿಯಲ್ಲಿ ಇವೆರಡೂ ಇಲ್ಲ, ಗುದ್ದಲಿ ಇದೆ ನೋಡಿ!

ಗಾಡಿ ಓಡುವಾಗ ರೆಗ್ಯುಲೇಟರ್ ಆಫ್ ಇರಲೇಬೇಕು. ಸಿಲಿಂಡರ್ ನೆಟ್ಟಗೆ, ಬೆಲ್ಟಿನಿಂದ ಕಟ್ಟಿರಬೇಕು. ಗ್ಯಾಸಿನ ಪೈಪ್ ಮನೆಯಲ್ಲಿ ಐದು ವರ್ಷ ಬರುತ್ತದೆ, ಗಾಡಿಯ ಕುಲುಕಾಟಕ್ಕೆ ಅಷ್ಟು ಕಾಯಬೇಡಿ. ಸಾಧ್ಯವಾದಷ್ಟು ಹೊರಗೆ ಅಡುಗೆ ಮಾಡಿ.

ಬೆಂಕಿ ನಂದಿಸಲು ಐಎಸ್‌ಐ ಗುರುತಿನ ಎಬಿಸಿ ಪುಡಿಯ ಸಿಲಿಂಡರ್ ಇಡಿ. ಇಡುವ ಜಾಗ ಬಾಗಿಲ ಬಳಿ, ಒಲೆಯ ಬಳಿ ಅಲ್ಲ. ಒಲೆಗೇ ಬೆಂಕಿ ಹಿಡಿದರೆ ಅದನ್ನು ತೆಗೆಯುವುದು ಹೇಗೆ? ನಂದಿಸಲು ಒಂದು ಪ್ರಯತ್ನ ಮಾಡಿ, ಆಗದಿದ್ದರೆ ಎಲ್ಲರೂ ಹೊರಗೆ. ಪ್ಲೈವುಡ್, ಫೋಮ್, ರೆಕ್ಸಿನ್ ತುಂಬಿದ ಗಾಡಿ ಹೊತ್ತಿ ಉರಿಯಲು ತಡವಿಲ್ಲ. ಹಿಂದಿನ ಬಾಗಿಲಿಗೆ ಮಂಚ ಅಡ್ಡ ಬಂದಿದೆಯೇ? ಬಂದಿದ್ದರೆ ಈ ಪ್ರಯಾಣಕ್ಕೆ ಮೊದಲು ಅದನ್ನು ಸರಿ ಮಾಡಿಸಿ. ರಾತ್ರಿ ದೀಪ ಆರಿಸಿ, ಮಕ್ಕಳು ಕತ್ತಲಲ್ಲಿ ಎರಡೂ ಬಾಗಿಲು ತೆಗೆದು ಹೊರಬರುವುದನ್ನು ಆಟದ ಹಾಗೆ ಮಾಡಿಸಿ.

ಅತ್ತೆಯ ಇನ್ಸುಲಿನ್ ಫ್ರಿಜ್ಜಿನಲ್ಲಿದೆ, ಫ್ರಿಜ್ ಬ್ಯಾಟರಿಯಲ್ಲಿದೆ. ಬ್ಯಾಟರಿ ಇಳಿದರೆ ಅದು ದಾರಿಯ ತುರ್ತಷ್ಟೇ ಅಲ್ಲ, ಆಸ್ಪತ್ರೆಯ ತುರ್ತೂ ಆಗಬಹುದು. ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ ಇಲ್ಲದೆಯೂ ಇರುತ್ತದೆ, ಸೆಖೆ ತಾಗಬಾರದು ಅಷ್ಟೆ. ನಿಮ್ಮ ಬ್ರ್ಯಾಂಡಿಗೆ ಎಷ್ಟು ಎಂದು ಡಾಕ್ಟರನ್ನೋ ಮೆಡಿಕಲ್ ಅಂಗಡಿಯವರನ್ನೋ ಕೇಳಿ. ಡ್ಯಾಶ್‌ಬೋರ್ಡ್ ಮೇಲೆ, ಎಂಜಿನ್ ಹತ್ತಿರ ಇಡಬೇಡಿ. ಐಸಿಗೆ ನೇರ ತಾಗಿಸಲೂಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಪ್ರಯೋಜನವಿಲ್ಲ. ಅರ್ಧ ಭಾಗ ಸಣ್ಣ ಕೂಲ್ ಬ್ಯಾಗಿನಲ್ಲಿ ಬೇರೆಯೇ ಇರಲಿ. ಗಾಡಿಯನ್ನು ವರ್ಕ್‌ಶಾಪಿಗೆ ಎಳೆದುಕೊಂಡು ಹೋದಾಗ ಔಷಧಿಯೂ ಅದರ ಜೊತೆ ಹೋಗಬಾರದು. ಆ ಬ್ಯಾಗಿನಲ್ಲೇ ಗ್ಲೂಕೋಸ್, ಬಿಸ್ಕತ್ತು, ಡಾಕ್ಟರ ಚೀಟಿ ಹಾಕಿ. ದಾರಿಯ ದೊಡ್ಡ ಸರ್ಕಾರಿ ಆಸ್ಪತ್ರೆಗಳನ್ನು ಒಂದು ಕಾಗದದಲ್ಲಿ ಬರೆದಿಡಿ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ಕಾಲೇಜು, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ವಯನಾಡಿನಲ್ಲಿ ಮಾನಂತವಾಡಿಯ ಮೆಡಿಕಲ್ ಕಾಲೇಜು.

ಸಾಮಾನಿನ ಪಟ್ಟಿ ಇನ್ನು ಚಿಕ್ಕದು. ಜಾಕ್, ಹಲಗೆ, ಮರದ ತುಂಡು, ಸ್ಪ್ಯಾನರ್ ಮತ್ತು ಪೈಪ್, ತ್ರಿಕೋನ ಎರಡು, ಜಾಕೆಟ್ ಎರಡು, ತಲೆಗೆ ಕಟ್ಟುವ ಟಾರ್ಚ್, ಫ್ಯೂಸುಗಳು, ಫ್ಯಾನ್ ಬೆಲ್ಟ್, ಕೂಲೆಂಟ್, ದಪ್ಪದ ಜಂಪರ್ ಕೇಬಲ್, ಫಸ್ಟ್ ಏಡ್ ಡಬ್ಬಿ, ಐದು ಜನಕ್ಕೆ ಒಂದು ದಿನದ ಕುಡಿಯುವ ನೀರು, ಸ್ವಲ್ಪ ನಗದು. ಡೀಸೆಲ್ ಕ್ಯಾನ್ ಬೇಡ, ಟ್ಯಾಂಕ್ ಅರ್ಧಕ್ಕೆ ಬಂದಾಗ ತುಂಬಿಸಿ. ಇವನ್ನು ಮಂಚದ ಅಡಿಗೆ ಹಾಕಿ ಮೇಲೆ ಹಾಸಿಗೆ ಹೊದಿಸಬೇಡಿ. ಹೊರಗಿನಿಂದಲೇ ಕೈಗೆ ಸಿಗುವ ಡಿಕ್ಕಿಯಲ್ಲಿರಲಿ.

ದಾರಿಯಲ್ಲಿ ಬೇರೆಯವರ ಅಪಘಾತ ಕಂಡರೆ ಹೆದರಿ ಮುಂದೆ ಹೋಗಬೇಡಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಸೇರಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲು ಬಲವಂತ ಮಾಡುವಂತಿಲ್ಲ.

ಕೊನೆಗೆ ನಿಮ್ಮ ವಾಪಸು ದಾರಿ. ಗುಂಡ್ಲುಪೇಟೆಯಿಂದ ಮುತ್ತಂಗಕ್ಕೆ ಬರುವ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಮೈಸೂರಿನಿಂದ ಸಂಜೆ ತಡವಾಗಿ ಹೊರಟು ಮುಚ್ಚುವ ಮೊದಲು ಕಾಡಿನ ಚೆಕ್‌ಪೋಸ್ಟ್ ಗೇಟಿಗೆ ಓಡಿಸುವುದೇ ಒಂದು ಅಪಾಯ, ಮಧ್ಯಾಹ್ನವೇ ದಾಟಿ. ಕಾಡಿನೊಳಗೆ ಗಾಡಿ ಕೆಟ್ಟರೆ ನಾನು ಮೇಲೆ ಹೇಳಿದ್ದು ತಲೆಕೆಳಗು. ಅಲ್ಲಿ ಯಾರೂ ಇಳಿಯಬಾರದು. ಇಂಡಿಕೇಟರ್ ಹಾಕಿ, ಒಳಗೇ ಕೂತು ಬರುವ ಗಾಡಿಯವರ ಹತ್ತಿರ ಗೇಟಿಗೆ ಹೇಳಿ ಕಳಿಸಿ. ವಯನಾಡಿನಿಂದ ಇಳಿಯುವಾಗ ಮ್ಯಾಪ್ ನಿಮ್ಮನ್ನು ಪಾಲ್ಚುರಂ ಘಟ್ಟದ ಕಡೆ ತಿರುಗಿಸಬಹುದು. ಕಡಿದಾದ ಇಳಿಜಾರು, ಇಕ್ಕಟ್ಟಿನ ತಿರುವು, ನಿಮ್ಮ ಗಾಡಿಗೆ ಹೇಳಿದ್ದಲ್ಲ. ಪೇರಿಯ, ನೆಡುಂಪೊಯಿಲ್ ದಾರಿ ತೆರೆದಿದೆಯೇ ಎಂದು ಮಾನಂತವಾಡಿಯಲ್ಲಿ ಲಾರಿಯವರನ್ನು ಕೇಳಿ ಅದರಲ್ಲಿ ಇಳಿಯಿರಿ, ಎರಡನೇ ಗೇರಿನಲ್ಲಿ.